ದೇವಗಿರಿಯ ಧೂಳು



ಪ್ರತಿ ಬಾರಿ ನಿಮ್ಮೊಂದಿಗೆ ಮಾತಾಡುವುದು ಮೈಕಿನ ಮುಂದೆ ಕುಳಿತು. ಅಲ್ಲಿ ನಿಮಿಷಗಳ ಲೆಕ್ಕ, ನಡುವೆ ಹಾಡು, ಕೊನೆಗೆ ವಾರ್ತೆಯ ಅವಸರ. ಈ ಪುಟದಲ್ಲಿ ಆ ಗಡಿಬಿಡಿ ಇಲ್ಲ. ಹಾಗಾಗಿ ಬಾನುಲಿಯಲ್ಲಿ ಹೇಳಲಾಗದೆ ಉಳಿದ ಒಂದು ವಿಷಯವನ್ನು ಇಲ್ಲಿ ಹೇಳುತ್ತೇನೆ. ಶುರುಮಾಡುವುದು ಒಂದು ಕೋಟೆಯ ಕಥೆಯಿಂದ. ಮುಗಿಯುವುದು ನಮ್ಮ ನಿಮ್ಮ ಎದೆಬಡಿತದಲ್ಲಿ.

ಕಳೆದ ಚಳಿಗಾಲದಲ್ಲಿ ನಮ್ಮ ಕನ್ನಡ ಕಾರ್ಯಕ್ರಮದ ಕೆಲವು ಕೇಳುಗರು ಸೇರಿ ಎಲ್ಲೋರಾ ಪ್ರವಾಸ ಹೊರಟಾಗ ನನ್ನನ್ನೂ ಕರೆದರು. ಮುಂಬಯಿಯಿಂದ ಬೆಳಗಿನ ತಪೋವನ್ ಎಕ್ಸ್‌ಪ್ರೆಸ್. ಇಗತ್‌ಪುರಿ, ನಾಸಿಕ್, ಮನ್ಮಾಡ್ ದಾಟಿ ಛತ್ರಪತಿ ಸಂಭಾಜಿನಗರ, ಅಂದರೆ ಹಿಂದಿನ ಔರಂಗಾಬಾದ್. ಮರುದಿನ ಬೆಳಿಗ್ಗೆ ಎಲ್ಲೋರಾ ದಾರಿಯಲ್ಲಿ ಸುಮಾರು ಹದಿನೈದು ಕಿಲೋಮೀಟರ್ ಹೋಗುವಷ್ಟರಲ್ಲಿ ಬಯಲಿನ ನಡುವೆ ಒಂಟಿ ಗುಡ್ಡ ಕಾಣಿಸಿತು. ಅದೇ ದೌಲತಾಬಾದ್. ಕನ್ನಡಿಗರಿಗೆ ಈ ಹೆಸರು ಪರಿಚಯವಾದದ್ದು ಹೆಚ್ಚಾಗಿ ಗಿರೀಶ ಕಾರ್ನಾಡರ 'ತುಘಲಕ್' ನಾಟಕದಿಂದ. 1327ರಲ್ಲಿ ಮಹಮ್ಮದ್ ಬಿನ್ ತುಘಲಕ್ ದೆಹಲಿಯಿಂದ ರಾಜಧಾನಿಯನ್ನು ತಂದದ್ದು ಇಲ್ಲಿಗೇ.

ಅದಕ್ಕೂ ಮೊದಲು ಇದರ ಹೆಸರು ದೇವಗಿರಿ. ಸೇವುಣರು ಅಥವಾ ಯಾದವರು ಎಂಬ ಅರಸರ ರಾಜಧಾನಿ. ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಇವರ ಅನೇಕ ಶಾಸನಗಳು ಕನ್ನಡದಲ್ಲಿವೆ. ಐದನೆಯ ಭಿಲ್ಲಮ ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಸ್ವತಂತ್ರನಾಗಿ ಇಲ್ಲಿ ನೆಲೆಯೂರಿದ. ನಮ್ಮ ಸಂಗೀತಗಾರರು ಇಂದಿಗೂ ಆಧಾರವೆಂದು ಹೇಳುವ 'ಸಂಗೀತ ರತ್ನಾಕರ'ವನ್ನು ಶಾರ್ಙ್ಗದೇವ ಬರೆದದ್ದು ಈ ವಂಶದ ಸಿಂಘಣನ ಆಶ್ರಯದಲ್ಲಿ. ಪರರಾಜ್ಯದ ಗುಡ್ಡವಾದರೂ ನಮಗೆ ಪೂರ್ತಿ ಪರಕೀಯವೇನಲ್ಲ.

ಕೋಟೆಯ ಒಳಗೆ, ಕಂದಕ ದಾಟಿದ ಮೇಲೆ, ಬಂಡೆಯನ್ನು ಕೊರೆದು ಮಾಡಿದ ಕತ್ತಲ ದಾರಿಯೊಂದಿದೆ. ಅದರ ಹೆಸರು ಅಂಧೇರಿ. ನಮ್ಮ ಮುಂಬಯಿಯ ಅಂಧೇರಿಯಲ್ಲ, ನಿಜವಾದ ಕತ್ತಲೆ! ಏರುಪೇರಾದ ಮೆಟ್ಟಿಲುಗಳು, ಹೆಜ್ಜೆಹೆಜ್ಜೆಗೂ ತಿರುವು, ಬಾವಲಿಗಳ ನಾತ. ಮೇಲೆ ಹತ್ತಿ ಬರುವ ಶತ್ರುವಿನ ದಿಕ್ಕು ತಪ್ಪಿಸಲೆಂದೇ ಮಾಡಿದ ದಾರಿ ಇದು. ಮೇಲಿನ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿ ಬೆಂಕಿ ಉರಿಸಿ, ಒಳಗೆ ಸಿಕ್ಕಿದವರಿಗೆ ಹೊಗೆ ಹಾಕುತ್ತಿದ್ದರೆಂದು ಮಾರ್ಗದರ್ಶಕ ಹೇಳಿದ.

ಆ ಮಾತು ಮುಗಿಯುವಷ್ಟರಲ್ಲಿ ನನ್ನ ಹಿಂದಿದ್ದ ಅಕ್ಕನೊಬ್ಬರು ಗೋಡೆಗೆ ಕೈಕೊಟ್ಟು ಕುಸಿದು ಕುಳಿತರು. ವಿಜಯಪುರದ ಕಡೆಯವರು, ಮದುವೆಯಾಗಿ ಬಂದು ಡೊಂಬಿವಲಿಯಲ್ಲಿ ನೆಲೆಸಿದವರು, ಐವತ್ತರ ಆಸುಪಾಸು. "ತಮ್ಮಾ, ಎದಿ ಒಡದ ಹೋಗಾಕತ್ತೈತಿ. ಉಸುರು ಬರವಲ್ದು. ನೀವೆಲ್ಲಾ ಮುಂದ ನಡೀರಿ" ಎಂದರು. ಕೈ ಮುಟ್ಟಿದರೆ ಮಂಜಿನಷ್ಟು ತಣ್ಣಗೆ, ಹಣೆಯಲ್ಲಿ ಬೆವರು. ಒಬ್ಬರು ಬಿಪಿ ಎಂದರು, ಒಬ್ಬರು ನಿಂಬೆಹಣ್ಣು ಹುಡುಕಿದರು, ಇನ್ನೊಬ್ಬರು "ಧೈರ್ಯ ತಂದ್ಕೊಳ್ಳಿ" ಎಂದು ಜೋರು ಮಾಡಿದರು. ಜೊತೆಗಿದ್ದ ಮಗಳು ಮಾತ್ರ ನನ್ನ ಕಿವಿಯಲ್ಲಿ ಹೇಳಿದಳು: "ಅಣ್ಣಾ, ಈ ವರ್ಷ ಇದು ಐದನೇ ಸಲ. ಎರಡು ಸಲ ಇಸಿಜಿ, ಒಂದು ಸಲ ಎಕೋ, ಥೈರಾಯ್ಡ್ ಪರೀಕ್ಷೆ, ಎಲ್ಲ ಆಗಿದೆ. ಎಲ್ಲ ಸರಿಯಾಗಿದೆ ಅಂತಾರೆ."

ನಾನು ಅಕ್ಕನ ಪಕ್ಕದ ಮೆಟ್ಟಿಲ ಮೇಲೆ ಕುಳಿತೆ. ಏಕೆಂದರೆ ನನಗೆ ಆ ಮೆಟ್ಟಿಲು ಹೊಸದಾಗಿರಲಿಲ್ಲ.

ಮೂರು ವರ್ಷದ ಹಿಂದೆ ಒಂದು ಸಂಜೆ ಸ್ಟುಡಿಯೋದಲ್ಲಿ ಕೆಂಪು ದೀಪ ಹತ್ತಿತು. ನೂರಾರು ಸಲ ಹೇಳಿದ ಮಾತು, "ಈಗ ಸಮಯ ಸಂಜೆ..." ಎಂದೆ. ಗಂಟೆ ಹೇಳಲಾಗಲಿಲ್ಲ. ಎದೆ ಡೋಲಿನಂತೆ ಬಡಿಯಿತು, ಬೆರಳುಗಳಲ್ಲಿ ಜುಮ್ಮೆಂದಿತು, ಕೋಣೆಯೇ ದೂರ ಸರಿದಂತಾಯಿತು. ಇದೇ ಸಾವು ಎಂದುಕೊಂಡೆ. ಹೇಗೋ ಹಾಡು ಹಾಕಿದೆ. ಆಸ್ಪತ್ರೆಯೊಂದರಲ್ಲಿ ಪರೀಕ್ಷೆ ಮಾಡಿ "ಏನೂ ಇಲ್ಲ, ಟೆನ್ಷನ್ ಅಷ್ಟೆ" ಎಂದು ಕಳಿಸಿದರು. ಏನೂ ಇಲ್ಲ ಎಂದ ಮೇಲೆ ಅದು ಮತ್ತೆ ಬಂತು, ದಾದರ್ ಮತ್ತು ಕುರ್ಲಾ ನಡುವೆ, ಲೋಕಲ್ ಗಾಡಿಯ ಗದ್ದಲದಲ್ಲಿ. ಆಮೇಲೆ ನಾನು ಲೋಕಲ್ ಹತ್ತುವುದನ್ನೇ ಬಿಟ್ಟೆ. ಸ್ಟುಡಿಯೋದಲ್ಲಿ ಬಾಗಿಲ ಬಳಿಯ ಕುರ್ಚಿಯೇ ಬೇಕು, ಕೈಯಲ್ಲಿ ನೀರಿನ ಬಾಟಲಿ ಬೇಕು. ಊರಿನಿಂದ ಅಜ್ಜಿ ತಾಯತ ಕಳಿಸಿದರು, ಅದನ್ನೂ ಕಟ್ಟಿಕೊಂಡೆ.

ಅಂಧೇರಿಯ ಕತ್ತಲಲ್ಲಿ ಅಕ್ಕನ ಕೈ ಹಿಡಿದು ಕುಳಿತಿದ್ದಾಗ ನನಗೆ ನೆನಪಾದದ್ದು ಇದೇ ದೇವಗಿರಿಯಲ್ಲಿ 1296ರಲ್ಲಿ ನಡೆದ ಒಂದು ಯುದ್ಧ. ಅದನ್ನು ವಿವರವಾಗಿ ಬರೆದವನು ಫರಿಷ್ತಾ. ಆ ಅಕ್ಕನ ತವರಾದ ವಿಜಯಪುರದಲ್ಲೇ, ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿದ್ದುಕೊಂಡು ಹದಿನೇಳನೆಯ ಶತಮಾನದ ಆರಂಭದಲ್ಲಿ ಇತಿಹಾಸ ಬರೆದ ಪರ್ಷಿಯನ್ ಲೇಖಕ. ಯುದ್ಧ ನಡೆದು ಮುನ್ನೂರು ವರ್ಷಗಳ ಮೇಲೆ ಬರೆದದ್ದು ಎಂಬುದನ್ನು ಮರೆಯದೆ ಕಥೆ ಕೇಳಿ.

ಆಗ ದೇವಗಿರಿಯ ಅರಸ ರಾಮಚಂದ್ರದೇವ. ದೊಡ್ಡ ಸೈನ್ಯ ಮಗ ಶಂಕರದೇವನೊಡನೆ ದೂರ ಹೋಗಿತ್ತು. ಆ ಹೊತ್ತು ನೋಡಿ ಉತ್ತರದಿಂದ ಅಲ್ಲಾವುದ್ದೀನ್ ಖಿಲ್ಜಿ ಕೆಲವು ಸಾವಿರ ಕುದುರೆ ಸವಾರರೊಂದಿಗೆ ಬಂದೆರಗಿದ. ಅವನಿನ್ನೂ ಸುಲ್ತಾನನಾಗಿರಲಿಲ್ಲ. ಆದರೆ ಒಂದು ಸುದ್ದಿ ಹಬ್ಬಿಸಿದ: ನಾವು ಬರೀ ಮುಂಚೂಣಿ, ಹಿಂದೆ ದೆಹಲಿಯ ಸುಲ್ತಾನರ ಇಪ್ಪತ್ತು ಸಾವಿರ ಕುದುರೆ ಬರುತ್ತಿದೆ. ಅಂಥ ಸೈನ್ಯವೇ ಇರಲಿಲ್ಲ. ರಾಮಚಂದ್ರ ಕೋಟೆ ಸೇರಿ, ಹಣ ಕೊಟ್ಟು ಸಂಧಿಗೆ ಒಪ್ಪಿದ.

ಅಷ್ಟರಲ್ಲಿ ಶಂಕರದೇವ ಸೈನ್ಯದೊಡನೆ ಮರಳಿದ. ತಂದೆಯ ಮಾತು ಕೇಳದೆ ಯುದ್ಧಕ್ಕಿಳಿದ. ಅಲ್ಲಾವುದ್ದೀನ್ ಒಂದು ಸಾವಿರ ಸವಾರರನ್ನು ನುಸ್ರತ್ ಖಾನನ ಕೈಗೆ ಕೊಟ್ಟು ಕೋಟೆ ಕಾಯಲು ಬಿಟ್ಟು ಎದುರಾದ. ಯಾದವರ ಸೈನ್ಯ ಗೆಲ್ಲುತ್ತಿತ್ತು. ಆಗ ನುಸ್ರತ್ ಖಾನ್ ಅಪ್ಪಣೆಗೂ ಕಾಯದೆ ತನ್ನ ಸಾವಿರ ಕುದುರೆಗಳನ್ನು ರಣರಂಗಕ್ಕೆ ಓಡಿಸಿದ. ದೂರದಲ್ಲಿ ಧೂಳೆದ್ದಿತು. ಅದನ್ನು ಕಂಡ ಯಾದವರ ಸೈನಿಕರು, ಹೇಳಿದ್ದ ಆ ಇಪ್ಪತ್ತು ಸಾವಿರ ಬಂದೇಬಿಟ್ಟಿತು ಎಂದುಕೊಂಡರು. ಗೆಲ್ಲುತ್ತಿದ್ದವರು ದಿಗಿಲುಬಿದ್ದು ಚದುರಿ ಓಡಿದರು.

ಕಥೆಗೆ ಇನ್ನೂ ಒಂದು ಬಾಲವಿದೆ. ಕೋಟೆಯಲ್ಲಿದ್ದ ರಾಮಚಂದ್ರ ಇನ್ನಷ್ಟು ದಿನ ತಡೆದು ನಿಲ್ಲಬಹುದಿತ್ತು. ಮುತ್ತಿಗೆಗೆಂದು ಒಳಗೆ ತುಂಬಿಸಿಕೊಂಡಿದ್ದ ಮೂಟೆಗಳನ್ನು ಬಿಚ್ಚಿ ನೋಡಿದರೆ, ಧಾನ್ಯವೆಂದು ತಿಳಿದದ್ದೆಲ್ಲ ಉಪ್ಪು. ಅರಸ ಶರಣಾದ. ಅಪಾರ ಸಂಪತ್ತು ಉತ್ತರಕ್ಕೆ ಹೋಯಿತು.

ಈಗ ಯೋಚಿಸಿ. ಆ ಸೈನಿಕರು ಹೇಡಿಗಳೇ? ಸ್ವಲ್ಪ ಹೊತ್ತಿನ ಮುಂಚೆ ಪ್ರಾಣದ ಹಂಗು ತೊರೆದು ಹೋರಾಡುತ್ತಿದ್ದವರು ಅವರೇ. ಧೂಳು ಸುಳ್ಳೇ? ಅಲ್ಲ, ನಿಜವಾದ ಧೂಳೇ. ಅವರಿಗಾದ ಭಯವೂ ನಿಜ. ಸುಳ್ಳಾದದ್ದು ಒಂದೇ, ಆ ಧೂಳಿಗೆ ಅವರು ಕೊಟ್ಟ ಅರ್ಥ.

ಪ್ಯಾನಿಕ್ ಎಂಬ ಪದವೂ ಇಂಥದೇ ರಣರಂಗದಿಂದ ಬಂದದ್ದು. ಪ್ರಾಚೀನ ಗ್ರೀಕರ ಕಾಡಿನ ದೇವತೆ ಪ್ಯಾನ್. ಕಾರಣ ಕಾಣದೆ ಸೈನ್ಯದ ಬಿಡಾರದಲ್ಲಿ ಗಾಬರಿ ಎದ್ದು ಎಲ್ಲರೂ ದಿಕ್ಕಾಪಾಲಾದರೆ, ಅದು ಪ್ಯಾನ್ ದೇವತೆಯ ಕೆಲಸ ಎನ್ನುತ್ತಿದ್ದರು. ನಮ್ಮಲ್ಲಿ ಗಾಳಿ ಸೋಕಿತು ಎನ್ನುವುದಿಲ್ಲವೇ, ಹಾಗೆ.

ಇದನ್ನು ದೇವತೆಯ ಕೈಯಿಂದ ವೈದ್ಯರ ಕೈಗೆ ತರಲು ಬಹಳ ಕಾಲ ಬೇಕಾಯಿತು. ವಿಚಿತ್ರವೆಂದರೆ ಅಲ್ಲೂ ಮೊದಲು ಸಿಕ್ಕವರು ಸೈನಿಕರೇ. ಅಮೆರಿಕದ ಅಂತರ್ಯುದ್ಧದಲ್ಲಿ ಎದೆಬಡಿತ, ಏದುಸಿರು, ತಲೆಸುತ್ತು ಎಂದು ಬಂದ ಸೈನಿಕರನ್ನು ನೋಡಿದ ಫಿಲಡೆಲ್ಫಿಯಾದ ವೈದ್ಯ ಡಾ ಕೋಸ್ಟಾ 1871ರಲ್ಲಿ ಅವರ ಬಗ್ಗೆ ಬರೆದ. ಹೃದಯದಲ್ಲಿ ರೋಗ ಕಾಣಲಿಲ್ಲ. ಆದರೂ ಆತ ಅವರನ್ನು ಕಳ್ಳನೆವ ಹೇಳುವವರು ಎನ್ನಲಿಲ್ಲ. 'ಕೆರಳಿದ ಹೃದಯ' ಎಂದು ಹೆಸರಿಟ್ಟ. ಅದೇ ಹೊತ್ತಿಗೆ ಬರ್ಲಿನ್ನಿನಲ್ಲಿ ವೆಸ್ಟ್‌ಫಾಲ್ ಎಂಬ ವೈದ್ಯ, ಬಯಲು ಚೌಕಗಳನ್ನು ದಾಟಲು ಹೆದರುತ್ತಿದ್ದ ಮೂವರು ಗಂಡಸರ ವಿಷಯ ಬರೆದ. ಪಕ್ಕದಲ್ಲಿ ಯಾರಾದರೂ ನಡೆದರೆ ಅವರಿಗೆ ಭಯ ಕಡಿಮೆ. ಇದಕ್ಕೆ ಆತ ಕೊಟ್ಟ ಹೆಸರು ಅಗೊರಾಫೋಬಿಯಾ. 1895ರಲ್ಲಿ ಫ್ರಾಯ್ಡ್ ಇಂಥ ಭಯದ ದಾಳಿಗಳನ್ನು ಬೇರೆಯೇ ಕಾಯಿಲೆಯಾಗಿ ವರ್ಣಿಸಿದ. ಆತನ ವರ್ಣನೆ ಉಳಿಯಿತು, ಹೇಳಿದ ಕಾರಣ ನಿಲ್ಲಲಿಲ್ಲ.

ದೊಡ್ಡ ತಿರುವು ಬಂದದ್ದು 1959ರಲ್ಲಿ, ನ್ಯೂಯಾರ್ಕಿನ ಹಿಲ್‌ಸೈಡ್ ಆಸ್ಪತ್ರೆಯಲ್ಲಿ. ಡೊನಾಲ್ಡ್ ಕ್ಲೈನ್ ಎಂಬ ಮನೋವೈದ್ಯರು ಆಗ ಹೊಸದಾಗಿದ್ದ ಇಮಿಪ್ರಮಿನ್ ಎಂಬ ಮಾತ್ರೆಯನ್ನು ಕೆಲವು ರೋಗಿಗಳಿಗೆ ಕೊಟ್ಟು ನೋಡಿದರು. ವಾರಗಳು ಕಳೆದರೂ ರೋಗಿಗಳು ಗುಣವಾಗಿದೆ ಎನ್ನಲಿಲ್ಲ. ಗಮನಿಸಿದವರು ನರ್ಸುಗಳು. ಸಾಯುತ್ತೇನೆ ಎಂದು ದಿನಕ್ಕೆ ಮೂರು ನಾಲ್ಕು ಸಲ ತಮ್ಮ ಬಳಿ ಓಡಿ ಬರುತ್ತಿದ್ದ ರೋಗಿ ಈಗ ಬರುತ್ತಿಲ್ಲ! ದಾಳಿ ನಿಂತಿತ್ತು, ದಾಳಿ ಬಂದೀತೆಂಬ ಭಯ ಮಾತ್ರ ಉಳಿದಿತ್ತು. ದಾಳಿ ಬೇರೆ, ದಾಳಿಯ ಭಯ ಬೇರೆ ಎಂದು ಹೀಗೆ ಗೊತ್ತಾಯಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ 'ಪ್ಯಾನಿಕ್ ಡಿಸಾರ್ಡರ್' ಎಂಬ ಹೆಸರು ಸೇರಿತು. ನಾವು ಗಾಬರಿ ಕಾಯಿಲೆ ಎನ್ನೋಣ.

1986ರಲ್ಲಿ ಆಕ್ಸ್‌ಫರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಇದರ ಒಳಗುಟ್ಟನ್ನು ಬಿಡಿಸಿ ಹೇಳಿದರು. ದೇವಗಿರಿಯ ಕಥೆ ಗೊತ್ತಿರುವವರಿಗೆ ಅದು ತಟ್ಟನೆ ಅರ್ಥವಾಗುತ್ತದೆ. ಮೆಟ್ಟಿಲು ಹತ್ತಿದಾಗ, ಚಹಾ ಹೆಚ್ಚಾದಾಗ, ನಿದ್ದೆಗೆಟ್ಟಾಗ ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ. ಇದು ಧೂಳು. ಮನಸ್ಸು ಅದನ್ನು ಹಾರ್ಟ್ ಅಟ್ಯಾಕ್ ಎಂದು ಓದಿಕೊಳ್ಳುತ್ತದೆ. ಇದು ಇಪ್ಪತ್ತು ಸಾವಿರ ಕುದುರೆ. ಆಗ ದೇಹ ಅಡ್ರಿನಲಿನ್ ಸುರಿಯುತ್ತದೆ, ಎದೆ ಇನ್ನೂ ಬಡಿಯುತ್ತದೆ, ಉಸಿರು ಇನ್ನೂ ಓಡುತ್ತದೆ. ಉಸಿರು ಓಡಿದಷ್ಟೂ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಕೈ ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ. ನೋಡಿದೆಯಾ, ನಾನು ಹೇಳಿದ್ದು ನಿಜವೇ ಆಯಿತು ಎಂದು ಮನಸ್ಸು ಮತ್ತೆ ಹೆದರುತ್ತದೆ. ಎತ್ತು ಗಾಣಕ್ಕೆ ಸುತ್ತಿದಂತೆ ಇದೂ ಸುತ್ತುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ತಾನಾಗಿಯೇ ಇಳಿಯುತ್ತದೆ.

ಒಂದು ಸಲ ಇಂಥ ದಾಳಿ ಬಂದ ಮಾತ್ರಕ್ಕೆ ಕಾಯಿಲೆಯಲ್ಲ. ಅದು ಅನಿರೀಕ್ಷಿತವಾಗಿ ಮತ್ತೆ ಮತ್ತೆ ಬಂದು, ಮುಂದೆ ಯಾವಾಗಲೋ ಎಂಬ ಚಿಂತೆ ತಿಂಗಳುಗಟ್ಟಲೆ ಕಾಡಿ, ಬದುಕಿನ ದಾರಿಯನ್ನೇ ಬದಲಿಸಿದರೆ ಅದು ಗಾಬರಿ ಕಾಯಿಲೆ. ನಾನು ಲೋಕಲ್ ಬಿಟ್ಟದ್ದು, ಬಾಗಿಲ ಬಳಿಯ ಕುರ್ಚಿ ಹುಡುಕಿದ್ದು, ಬಾಟಲಿ, ತಾಯತ, ಇವೆಲ್ಲ ನಾನು ಕಟ್ಟಿಕೊಂಡ ಕೋಟೆ. ಒಳಗೆ ಧಾನ್ಯ ತುಂಬಿಸಿದ್ದೇನೆ ಎಂದುಕೊಂಡಿದ್ದೆ. ಬಿಚ್ಚಿ ನೋಡಿದರೆ ಉಪ್ಪು. ಓಡಿಹೋದಾಗಲೆಲ್ಲ ಬದುಕಿಕೊಂಡೆ ಎನ್ನಿಸುತ್ತಿತ್ತು. ಆದರೆ ಓಡಿದವನಿಗೆ ಧೂಳಿನ ಹಿಂದೆ ಇದ್ದದ್ದು ಸಾವಿರವೋ ಇಪ್ಪತ್ತು ಸಾವಿರವೋ ಎಂದು ಗೊತ್ತಾಗುವುದೇ ಇಲ್ಲ.

ಚಿಕಿತ್ಸೆಯ ಸಾರ ಇಷ್ಟೆ, ಧೂಳು ಇಳಿಯುವ ತನಕ ನಿಲ್ಲುವುದನ್ನು ಕಲಿಸುವುದು. ಇದನ್ನು ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎನ್ನುತ್ತಾರೆ. ವಾರಕ್ಕೊಮ್ಮೆಯಂತೆ ಹತ್ತು ಹದಿನೈದು ಭೇಟಿಗಳು. ನನ್ನನ್ನು ನೋಡಿದ ಮನಶ್ಶಾಸ್ತ್ರಜ್ಞೆ ಮೊದಲ ದಿನ ಉಪದೇಶ ಮಾಡಲಿಲ್ಲ. ಕುರ್ಚಿಯಲ್ಲಿ ಗಿರಗಿರ ತಿರುಗಿಸಿದರು, ಮೆಟ್ಟಿಲು ಹತ್ತಿ ಇಳಿಸಿದರು, ಬೇಕೆಂದೇ ಜೋರಾಗಿ ಉಸಿರಾಡಿಸಿದರು. ಸ್ಟುಡಿಯೋದಲ್ಲಿ ಬಂದ ಅದೇ ಜುಮ್ಮು, ಅದೇ ತಲೆಸುತ್ತು ಅಲ್ಲೇ ಬಂತು. ಬಂದು ಹೋಯಿತು. ನಾನು ಸಾಯಲಿಲ್ಲ. ಆಮೇಲೆ ಒಂದು ಸ್ಟೇಷನ್ನಿನಷ್ಟು ಲೋಕಲ್, ಆಮೇಲೆ ಎರಡು, ಆಮೇಲೆ ಬಾಟಲಿ ಇಲ್ಲದೆ. ಆಸ್ಟ್ರೇಲಿಯಾದ ವೈದ್ಯೆ ಕ್ಲೇರ್ ವೀಕ್ಸ್ 1962ರಷ್ಟು ಹಿಂದೆಯೇ ಸಾಮಾನ್ಯ ಓದುಗರಿಗಾಗಿ ಬರೆದ ಪುಸ್ತಕದಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಭಯದೊಡನೆ ಗುದ್ದಾಡಬೇಡಿ, ಎದುರಿಸಿ, ಒಪ್ಪಿಕೊಳ್ಳಿ, ಸಮಯ ಹೋಗಲಿ ಬಿಡಿ.

ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ. ಇಂದು ಸಾಮಾನ್ಯವಾಗಿ ಕೊಡುವುದು ಸರ್ಟ್ರಲಿನ್, ಎಸ್ಸಿಟಲೋಪ್ರಾಮ್ ಮುಂತಾದವು. ಇವು ಅಮಲಿನ ಮಾತ್ರೆಗಳಲ್ಲ. ಗುಣ ಕಾಣಲು ಕೆಲವು ವಾರ ಬೇಕು, ಮೊದಮೊದಲು ತಳಮಳ ಸ್ವಲ್ಪ ಹೆಚ್ಚಲೂಬಹುದು. ಗುಣವಾಯಿತೆಂದು ನಾವೇ ನಿಲ್ಲಿಸಬಾರದು, ವೈದ್ಯರು ಹೇಳಿದಷ್ಟು ತಿಂಗಳು ತೆಗೆದುಕೊಂಡು ನಿಧಾನವಾಗಿ ಬಿಡಬೇಕು. ಅಲ್ಪ್ರಜೋಲಾಮ್‌ನಂಥ ಮಾತ್ರೆ ಕೂಡಲೇ ಸಮಾಧಾನ ಕೊಡುತ್ತದೆ ನಿಜ, ಆದರೆ ಅದಕ್ಕೆ ದೇಹ ಒಗ್ಗಿಕೊಂಡುಬಿಡುತ್ತದೆ. ಅಂಗಡಿಯಿಂದ ತಾವೇ ತಂದು ನುಂಗುವ ವಸ್ತು ಅದಲ್ಲ. ಇನ್ನೊಂದು ಮಾತು. ಮೊದಲ ಬಾರಿ ಎದೆನೋವು ಬಂದಾಗ, ಅಥವಾ ನೋವು ಎಂದಿನಂತಿಲ್ಲದಾಗ, ಈ ಲೇಖನ ನೆನೆಸಿಕೊಂಡು ಮನೆಯಲ್ಲಿ ಕೂರಬೇಡಿ. ಕೂಡಲೇ ವೈದ್ಯರಲ್ಲಿಗೆ ಹೋಗಿ. ಹೃದಯ, ಥೈರಾಯ್ಡ್, ರಕ್ತಹೀನತೆ ಇವೆಲ್ಲ ಇಲ್ಲವೆಂದು ನೋಡಿದ ಮೇಲೆಯೇ ಗಾಬರಿ ಕಾಯಿಲೆಯ ಮಾತು.

ನಮ್ಮ ದೇಶದಲ್ಲಿ ಇಂಥವರು ಹೋಗಬೇಕಾದ ಬಾಗಿಲು ಬಹುಕಾಲ ಒಂದೇ ಇತ್ತು, ಹುಚ್ಚಾಸ್ಪತ್ರೆಯ ಗೇಟು. ಅದಕ್ಕೆ ಹೆದರಿಯೇ ಎಷ್ಟೋ ಜನ ಹೋಗಲಿಲ್ಲ. ಸಾಮಾನ್ಯ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆಗೆ ಒಂದು ಕೋಣೆ ಎಂಬುದು 1933ರಲ್ಲಿ ಕಲ್ಕತ್ತದ ಆರ್.ಜಿ. ಕರ್‌ನಲ್ಲೂ, 1938ರಲ್ಲಿ ನಮ್ಮದೇ ಬೊಂಬಾಯಿಯ ಜೆ.ಜೆ. ಆಸ್ಪತ್ರೆಯಲ್ಲೂ ಶುರುವಾಯಿತು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಸಂಸ್ಥೆ ಹುಟ್ಟಿತು, 1974ರಲ್ಲಿ ಅವೆರಡೂ ಸೇರಿ ನಿಮ್ಹಾನ್ಸ್ ಆಯಿತು. ನಿಮ್ಹಾನ್ಸ್‌ನವರು 1985ರಿಂದ ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು, ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ಒಯ್ದರು. 1996ರಲ್ಲಿ ಶುರುವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಈ ಬಳ್ಳಾರಿಯೇ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿಯೂ ಇದೆ. ಸಂಖ್ಯೆ 14416. ಕನ್ನಡದಲ್ಲೂ ಮಾತಾಡಬಹುದು. ಮುಂಬಯಿಯಲ್ಲಿ ಕುಳಿತು ತಾಯ್ನುಡಿಯಲ್ಲಿ ಎದೆಯ ಮಾತು ಹೇಳಿಕೊಳ್ಳಲು ಒಂದು ದಾರಿ ಇದೆ ಎಂಬುದು ಸಣ್ಣ ಸಂಗತಿಯಲ್ಲ.

ಮತ್ತೆ ಅಂಧೇರಿಗೆ ಬರೋಣ. ಆ ಅಕ್ಕನಿಗೆ ನಾನು ಧೈರ್ಯ ಹೇಳಲಿಲ್ಲ, ಎದ್ದೇಳಿ ಎನ್ನಲಿಲ್ಲ. "ಅಕ್ಕಾ, ನನಗೂ ಹೀಗೇ ಆಗ್ತಿತ್ತು. ಇದು ಏರುತ್ತೆ, ಆಮೇಲೆ ಇಳಿಯುತ್ತೆ. ಇಳಿಯೋ ತನಕ ಇಲ್ಲೇ ಕೂರೋಣ" ಎಂದೆ. ಉಸಿರು ನಿಧಾನವಾಗಿ ಬಿಡಿ ಎಂದಷ್ಟೇ ಹೇಳಿ, ದೇವಗಿರಿಯ ಧೂಳಿನ ಕಥೆ ಶುರುಮಾಡಿದೆ. ಇಪ್ಪತ್ತು ಸಾವಿರ ಕುದುರೆ ಎಂಬಲ್ಲಿಗೆ ಬರುವಾಗ ಅವರ ಹಿಡಿತ ಸಡಿಲಾಗಿತ್ತು. ಉಪ್ಪಿನ ಮೂಟೆ ಬಂದಾಗ, "ಅಯ್ಯ ಶಿವನ, ಬಿಚ್ಚಿ ನೋಡಬಾರದಿತ್ತೇನ್ರೀ ಮದಲ?" ಎಂದರು. ಕಾಲು ಗಂಟೆಯ ಮೇಲೆ ಎದ್ದು, ಹಿಂದಕ್ಕಲ್ಲ, ಮುಂದಕ್ಕೆ ನಡೆದು ಆಚೆಯ ಬೆಳಕಿಗೆ ಬಂದರು. ಶಿಖರದ ತನಕ ಹತ್ತಲಿಲ್ಲ. ಮಂಡಿನೋವು, ಅದು ಬೇರೆ ವಿಷಯ!

ಈಚೆಗೆ ಮಗಳು ಫೋನ್ ಮಾಡಿದ್ದಳು. ಅಮ್ಮ ಚಿಕಿತ್ಸೆಗೆ ಹೋಗುತ್ತಿದ್ದಾರಂತೆ. ಎರಡು ತಿಂಗಳಲ್ಲಿ ಒಮ್ಮೆ ಮಾತ್ರ ಬಂತಂತೆ, ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ. "ಧೂಳ ಬಂತು, ನಿಂತೆ, ಹೋತು" ಅಂದರಂತೆ.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಕುಸಿದು ಕುಳಿತರೆ ಏನೂ ಇಲ್ಲ ಎಂದು ಹೇಳಬೇಡಿ. ಅವರ ಪಾಲಿಗೆ ಅಲ್ಲಿ ಏನೋ ಇದೆ. ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ, ಆಮೇಲೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.

ನಾನು ಎಂದಿನಂತೆ ಸಂಜೆ ಮೈಕಿನ ಮುಂದೆ ಸಿಗುತ್ತೇನೆ. ಕೆಂಪು ದೀಪ ಹತ್ತಿದಾಗ ಎದೆ ಈಗಲೂ ಒಮ್ಮೆ ಧಸಕ್ಕೆನ್ನುತ್ತದೆ. ಆದರೂ ಸಮಯ ಹೇಳುತ್ತೇನೆ. ಕೇಳುತ್ತಿರಿ, ಪತ್ರ ಬರೆಯುತ್ತಿರಿ. ನಮಸ್ಕಾರ.